ಓದುಗರ ಪ್ರಶ್ನೆ: ಕಾಡಿನಲ್ಲಿ ಒಬ್ಬನೇ ಇರಬೇಕು

ಪ್ರಶ್ನೆ: ಊರು ಶಿವಮೊಗ್ಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಜನವರಿಯಲ್ಲಿ ನಾಲ್ಕು ದಿನ ಕೊಡಚಾದ್ರಿ ಕಾಡಿನಲ್ಲಿ ಟೆಂಟ್ ಹಾಕಿಕೊಂಡು ಒಬ್ಬನೇ ಇರಬೇಕೆಂಬ ಆಸೆ. ಯಾರಿಗೂ ಹೇಳದೆ ಹೋದರೇ ಅದಕ್ಕೊಂದು ಅರ್ಥ ಅನ್ನಿಸುತ್ತದೆ. ಏನೇನು ಒಯ್ಯಬೇಕು?

ಉತ್ತರ: ಮೊದಲು ಟೆಂಟನ್ನು ಮನೆಯಲ್ಲೇ ಬಿಡಿ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ತಪ್ಪು. ರಾತ್ರಿ ಉಳಿಯುವುದು, ಒಲೆ ಹಚ್ಚುವುದು ಆಮೇಲಿನ ಮಾತು. ಚಾರಣಕ್ಕೆ ಅರಣ್ಯ ಇಲಾಖೆಯಿಂದ ಅನುಮತಿ ಪಡೆಯಬೇಕು. ಮಳೆ ಜೋರಾದಾಗ, ಕಾಳ್ಗಿಚ್ಚಿನ ಭಯವಿದ್ದಾಗ ದಾರಿ ಮುಚ್ಚುವುದೂ ಉಂಟು. ಹಾಗಾಗಿ ರಜೆ ಹಾಕುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅಂದಹಾಗೆ 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ನೆತ್ತಿಯ ಹತ್ತಿರದವರೆಗೂ ಜೀಪು ಹೋಗುತ್ತದೆ. ಶನಿವಾರ, ಭಾನುವಾರ ಸರ್ವಜ್ಞ ಪೀಠದ ಎದುರು ಏಕಾಂತ ಹುಡುಕುವುದೆಂದರೆ ಸಂತೆಯಲ್ಲಿ ಧ್ಯಾನಕ್ಕೆ ಕೂತ ಹಾಗೆ.

ಜನವರಿ ಅಂದಿದ್ದೀರಿ. ಬಿಸಿಲಿಗೂ ಚಳಿಗೂ ಅದು ಒಳ್ಳೆಯ ತಿಂಗಳು, ಆದರೆ ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅದರಲ್ಲೂ ಕಣ್ಣಿಗೆ ಸರಿಯಾಗಿ ಬೀಳದ ಮರಿ ಉಣುಗಿನಿಂದ. ಇವು ತರಗೆಲೆಯಲ್ಲಿ, ಕಾಲುದಾರಿಯ ಹುಲ್ಲಿನಲ್ಲಿ ಇರುತ್ತವೆ. ಏಕಾಂತಕ್ಕೆಂದು ಬಂದವರು ಮಾಡುವ ಮೊದಲ ಕೆಲಸ ಮರದ ಬುಡದ ತರಗಿನ ಮೇಲೆ ಕೂರುವುದು ಅಥವಾ ಮಲಗುವುದು. ಅದನ್ನೇ ಮಾಡಬಾರದು. ಬರಿ ಬಂಡೆಯ ಮೇಲೆ ಕೂತುಕೊಳ್ಳಿ. ತಿಳಿ ಬಣ್ಣದ ತುಂಬು ತೋಳಿನ ಅಂಗಿ ಹಾಕಿ, ಉಣುಗು ಹರಿದರೆ ಕಾಣುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಾಡಂಚಿನ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮಂಗವೋ ಮುಸಿಯವೋ ಸತ್ತ ಸುದ್ದಿ ಇರುವ ಕಡೆ ಕಾಲಿಡಲೇಬೇಡಿ. ಹೆಣ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿನಿಂದ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ತೊಡೆಸಂದು, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಪಟ್ಟಿ ಕೂರುವ ಜಾಗ ಇಷ್ಟನ್ನೂ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೆಟ್ಟಗೆ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಸವರುವುದು, ಬೀಡಿ ತುದಿ ತಾಗಿಸುವುದು, ಉಗುರಲ್ಲಿ ಹಿಸುಕುವುದು ಬೇಡ. ಅದರೊಳಗಿನ ರಸ ಗಾಯಕ್ಕೇ ಇಳಿಯುತ್ತದೆ. ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಆ ಹೊತ್ತಿಗೆ ನೀವು ಬೆಂಗಳೂರಿಗೆ ಮರಳಿರುತ್ತೀರಿ, ಅಲ್ಲಿನ ವೈದ್ಯರು ಮೊದಲು ಯೋಚಿಸುವುದು ಡೆಂಗಿ. ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ.

ಇನ್ನು ಯಾರಿಗೂ ಹೇಳದೆ ಹೋಗುವ ಮಾತು. ಹಾಳೆಯ ಮೇಲೆ ದಾರಿ, ಹೊರಡುವ ಹೊತ್ತು, ಮರಳುವ ಹೊತ್ತು ಬರೆದು ಇಬ್ಬರ ಕೈಗೆ ಕೊಡಿ. ‘ಸಂಜೆ 6ರೊಳಗೆ ಫೋನ್ ಬರದಿದ್ದರೆ ಅರಣ್ಯ ಕಚೇರಿಗೂ 112ಕ್ಕೂ ತಿಳಿಸಿ’ ಎಂದು ಅದರಲ್ಲೇ ಇರಲಿ. ನೀವು ಹೇಳಿದ ಹೊತ್ತು ಮೀರುವವರೆಗೂ ಅವರು ಫೋನ್ ಮಾಡುವುದಿಲ್ಲ, ಆದ್ದರಿಂದ ಏಕಾಂತಕ್ಕೆ ಕುಂದಿಲ್ಲ. ಮಂಜು ಕವಿದು ಹುಲ್ಲುಗಾವಲಿನಲ್ಲಿ ದಾರಿ ತಪ್ಪಿದರೆ ನಡೆಯಬೇಡಿ, ಮಂಜು ಸರಿಯುವ ತನಕ ಅಲ್ಲೇ ಕೂರಿ. ಸಿಗ್ನಲ್ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಖಾಲಿಯಾಗುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ನಮ್ಮ ಸಲಹೆ ಇಷ್ಟು: ನಿಟ್ಟೂರು ಅಥವಾ ತೀರ್ಥಹಳ್ಳಿ ಕಡೆಯ ತೋಟದ ಮನೆಯೊಂದರಲ್ಲಿ ನಾಲ್ಕು ರಾತ್ರಿಗೆ ಕೋಣೆ ಹಿಡಿಯಿರಿ. ಊಟಕ್ಕೆ ಮಾತ್ರ ಕರೆಯಿರಿ ಎಂದು ಮನೆಯವರಿಗೆ ಮೊದಲೇ ಹೇಳಿ. ಹಗಲಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಕೂರಿ. ದಿನಕ್ಕೊಂದು ಜಾಗ ನೋಡುವುದು ಪ್ರವಾಸವಾಗುತ್ತದೆ. ಕುಪ್ಪಳ್ಳಿಯ ಕವಿಶೈಲದ ಬಂಡೆಗಳು ವಾರದ ನಡುವಿನ ಬೆಳಗಿನಲ್ಲಿ ಬಹುಪಾಲು ಖಾಲಿ. ಮೊದಲ ದಿನ ಬೇಜಾರು, ಚಡಪಡಿಕೆ ಆಗಿಯೇ ಆಗುತ್ತದೆ. ಅದನ್ನು ಕಂಡು ಎರಡನೇ ದಿನವೇ ಬಸ್ಸು ಹತ್ತಬೇಡಿ.

ಪ್ರಶ್ನೆ: ಮಗನಿಗೆ 22. ಎಲ್ಲ ಬಿಟ್ಟು ಅಲಾಸ್ಕದ ಕಾಡಿಗೆ ಹೋದ ಅಮೆರಿಕದ ಹುಡುಗನ ಕತೆ ತಲೆಗೆ ಹತ್ತಿದೆ. ತಾನೂ ಹಾಗೇ ಹೋಗುತ್ತೇನೆ ಅನ್ನುತ್ತಾನೆ. ಬೈದು ತಡೆಯಬೇಕೆ? (ತಾಯಿ, ತೀರ್ಥಹಳ್ಳಿ)

ಉತ್ತರ: ಬೈಯಬೇಡಿ ಅಮ್ಮಾ, ಆ ಕತೆಯನ್ನು ಪೂರ್ತಿ ಮಾತಾಡಿ. ಆ ಹುಡುಗ ಕ್ರಿಸ್ಟೋಫರ್ ಮೆಕ್ಯಾಂಡ್ಲೆಸ್. 1992ರ ಏಪ್ರಿಲ್‌ನಲ್ಲಿ ಹೋಗುವಾಗ ಟೆಕ್ಲಾನಿಕಾ ನದಿಯನ್ನು ಸುಲಭವಾಗಿ ದಾಟಿದ. ಜುಲೈನಲ್ಲಿ ಮರಳಲು ನೋಡಿದರೆ ಹಿಮ ಕರಗಿ ನದಿ ಉಕ್ಕಿತ್ತು. ಸರಿಯಾದ ನಕ್ಷೆ ಜೊತೆಯಲ್ಲಿರಲಿಲ್ಲ. ಕೆಳಗೆ ಒಂದು ಕಿಲೋಮೀಟರ್ ಒಳಗೇ ಕೈಯಿಂದ ಎಳೆದು ದಾಟುವ ತಂತಿತೊಟ್ಟಿಲು ಇದ್ದದ್ದು ಗೊತ್ತಾಗಲಿಲ್ಲ. ಆಗಸ್ಟ್‌ನಲ್ಲಿ ಅಲ್ಲಿದ್ದ ಹಳೇ ಬಸ್ಸಿನಲ್ಲೇ ಸತ್ತ. ಅವನ ಜಾಡು ಹಿಡಿದು ಹೊರಟವರಲ್ಲಿ ಇಬ್ಬರು 2010 ಮತ್ತು 2019ರಲ್ಲಿ ಅದೇ ನದಿಯಲ್ಲಿ ಮುಳುಗಿದರು. 2020ರಲ್ಲಿ ಬಸ್ಸನ್ನೇ ಹೆಲಿಕಾಪ್ಟರಿನಲ್ಲಿ ಎತ್ತಿ ಒಯ್ದರು.

ನಿಮ್ಮ ಮಗನಿಗೆ ಹಿಮದ ಪಾಠ ಬೇಡ, ಹಳ್ಳದ ಪಾಠ ಹೇಳಿ. ಅವನು ನಿಂತ ಕಡೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಡೆದರೆ ಹಳ್ಳ ಏರುತ್ತದೆ. ನೀರು ಕೆಂಪಾಗುವುದು, ತರಗು ಕಡ್ಡಿ ತೇಲಿ ಬರುವುದು ಮೊದಲ ಸುಳಿವು. ಮಂಡಿ ಮುಟ್ಟುವ ಹರಿವನ್ನು ಒಬ್ಬನೇ ದಾಟಬಾರದು. ಮಳೆಗಾಲದಲ್ಲಿ ಹಳ್ಳದಾಚೆಗೆ ಹೋಗುವ ಯೋಜನೆಯನ್ನೇ ಹಾಕಬಾರದು. ಇಷ್ಟಕ್ಕೆ ಅವನು ಕಿವಿಗೊಟ್ಟು ಎದುರು ಪ್ರಶ್ನೆ ಕೇಳಿದರೆ ಕಳಿಸಬಹುದು, ಮೊದಲ ಸಲ ಗೈಡ್ ಜೊತೆಗೆ.

ಆದರೆ ಒಂದನ್ನು ಗಮನಿಸಿ. ನಿದ್ದೆ, ಊಟ ಕೆಟ್ಟಿದೆಯೇ? ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾನೆಯೇ? ‘ಮರಳಿ ಬಂದು ಏನು ಮಾಡಲಿ’ ಅನ್ನುತ್ತಾನೆಯೇ? ಹಾಗಿದ್ದರೆ ಅದು ಕಾಡಿನ ಹುಚ್ಚಲ್ಲ, ಒಬ್ಬನೇ ಎಲ್ಲಿಗೂ ಬಿಡಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ಸುಳ್ಳು. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಆಗುಂಬೆ ಮಳೆಯಲ್ಲಿ ಒಬ್ಬಳೇ ನಡೆಯಬೇಕು. ಉಂಬಳಕ್ಕೆ ಏನು ಉಪಾಯ? (ಓದುಗರು, ಭದ್ರಾವತಿ)

ಉತ್ತರ: ಒತ್ತಾಗಿ ನೇಯ್ದ ಬಟ್ಟೆಯ, ಮಂಡಿವರೆಗೆ ಬರುವ ಉಂಬಳದ ಕಾಲುಚೀಲ. ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಅಥವಾ ಉಪ್ಪು; ಆಗುಂಬೆಯ ಮಳೆಗೆ ಎರಡೂ ಬೇಗ ತೊಳೆದು ಹೋಗುವುದರಿಂದ ನಿಂತಾಗಲೆಲ್ಲ ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಜಗ್ಗಬೇಡಿ. ಸಪೂರ ತುದಿಯ ಬದಿಗೆ ಉಗುರು ಒತ್ತಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿದೆ, ಹಾಗಾಗಿ ರಕ್ತ ಬಹಳ ಹೊತ್ತು ಒಸರುತ್ತದೆ, ಗಾಬರಿ ಬೇಡ. ಸೋಪಿನಲ್ಲಿ ತೊಳೆದು ಒಣಬಟ್ಟೆ ಒತ್ತಿ ಕಟ್ಟಿ, ತುರಿಕೆಗೆ ಕೆರೆಯಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಆ ಕಾಲುದಾರಿ ಬಿಟ್ಟು ಟಾರು ರಸ್ತೆಯಲ್ಲೇ ನಡೆಯಿರಿ.