ಬೈಕಿನ ಮಡ್‌ಗಾರ್ಡ್ ಕತ್ತರಿಸಿ ಬೇರೆ ತುದಿ ಜೋಡಿಸಲು ಯಾವ ಅಂಟು ಗಟ್ಟಿ?

ಪ್ರಶ್ನೆಯೇ ತಲೆಕೆಳಗಾಗಿದೆ. ನಾನೂ ಹೀಗೇ ಕೇಳಿಕೊಂಡು ಶುರು ಮಾಡಿದವನು, ಅದಕ್ಕೇ ಹೇಳ್ತಿದ್ದೀನಿ. ಅಂಟು ಆಮೇಲೆ. ಮೊದಲು ಮಡ್‌ಗಾರ್ಡ್ ಬಿಚ್ಚಿ, ಮಗುಚಿ ಹಾಕಿ, ಒಳಮೈಯ ಕೆಸರು ಕೆರೆದು ಅಲ್ಲಿ ಏನು ಅಚ್ಚಾಗಿದೆ ನೋಡಿ.

ನಾನು ನೋಡಲಿಲ್ಲ. ಕತ್ತರಿಸಿ, ಫೈಬರ್‌ಗ್ಲಾಸ್ ಬಟ್ಟೆ ಮೂರು ಪದರ ಹಾಕಿ, ರೆಸಿನ್, ಪುಟ್ಟಿ, ಪ್ರೈಮರ್, ಬಣ್ಣ ಎಲ್ಲ ಮುಗಿಸಿದೆ. ಜೋಡಣೆ ಎಲ್ಲಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಗಾಡಿ ತೊಳೆಯುವಾಗ ಅಂಚು ಎದ್ದಿತ್ತು. ಉಗುರು ತೂರಿಸಿದರೆ ಹಾವಿನ ಪೊರೆ ಬಂದ ಹಾಗೆ ಇಡೀ ತೇಪೆ ಕೈಗೆ ಬಂತು. ಅದರ ಹಿಂಬದಿಯಲ್ಲಿ ನಾನು ಉಜ್ಜಿದ ಮರಳು ಕಾಗದದ ಗೀರುಗಳು ಒಂದೂ ಬಿಡದೆ ಮೂಡಿದ್ದವು! ಅಂದರೆ ರೆಸಿನ್ ಗೀರಿನೊಳಕ್ಕೆ ಇಳಿದಿದೆ, ಆದರೆ ಹಿಡಿದುಕೊಂಡಿಲ್ಲ. ಉಜ್ಜಿದ್ದು ಸಾಲದಾಯಿತೇನೋ ಅಂದುಕೊಂಡು 60 ನಂಬರಿನ ಕಾಗದದಲ್ಲಿ ಉಜ್ಜಿ ಮತ್ತೆ ಮಾಡಿದೆ. ಮತ್ತೆ ಕಿತ್ತು ಬಂತು. ಆಗ ತಿರುಗಿಸಿ ನೋಡಿದರೆ ಎರಡು ಬಾಣದ ಗುರುತಿನ ನಡುವೆ ‘ಪಿಪಿ’ ಅಂತಿತ್ತು.

ಪಿಪಿ ಅಂದರೆ ಪಾಲಿಪ್ರೊಪಿಲೀನ್. ಇದರ ಮೈ ಮೇಣದಂಥದ್ದು. ಅಂಟು, ಬಣ್ಣದಂಥವು ಇದರ ಮೇಲೆ ಕೂತರೂ ಗಟ್ಟಿಯಾಗಿ ತಬ್ಬಿಕೊಳ್ಳುವುದಿಲ್ಲ. ರೆಸಿನ್, ಎಪಾಕ್ಸಿ, ಸೂಪರ್ ಗ್ಲೂ, ಬಣ್ಣ, ಎಲ್ಲಕ್ಕೂ ಇದೇ ಗತಿ. ಎಷ್ಟು ಉಜ್ಜಿದರೂ ಮೈ ಒರಟಾಗುತ್ತದೆ ಅಷ್ಟೇ, ಮೇಣದ ಗುಣ ಹೋಗುವುದಿಲ್ಲ. ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುವ ಅಸಿಟೋನ್ ಎಂಬ ದ್ರಾವಕ ಕೂಡ ಇದನ್ನು ಕರಗಿಸದು. ಬಣ್ಣ ಹೊಡೆದಿರುವ ಫೇರಿಂಗ್ (ಬೈಕಿನ ಹೊರ ಹೊದಿಕೆ), ಸೈಡ್ ಪ್ಯಾನಲ್ ಹೆಚ್ಚಾಗಿ ಎಬಿಎಸ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್. ಬಣ್ಣವಿಲ್ಲದ ಕಪ್ಪು ಮಡ್‌ಗಾರ್ಡ್, ಒಳಗಿನ ಭಾಗಗಳು ಹೆಚ್ಚಾಗಿ ಪಿಪಿ. ಬಾಯಲ್ಲಿ ಎಲ್ಲವನ್ನೂ ‘ಫೈಬರ್’ ಅಂದುಬಿಡುತ್ತೇವೆ, ನಾನು ಮೋಸ ಹೋದದ್ದು ಅಲ್ಲೇ.

ಅಚ್ಚು ಅಳಿಸಿದ್ದರೆ ಬಣ್ಣ ಕೆರೆದ ಒಂದು ಚೂರನ್ನು ನೀರಿಗೆ ಹಾಕಿ. ತೇಲಿದರೆ ಪಿಪಿ ಎಂದೇ ಲೆಕ್ಕ ಹಿಡಿಯಿರಿ. ಆದರೆ ಮುಳುಗಿತು ಅಂದಮಾತ್ರಕ್ಕೆ ಎಬಿಎಸ್ ಅಂತ ತೀರ್ಮಾನಿಸಬೇಡಿ, ಟಾಲ್ಕ್ (ಒಂದು ಬಗೆಯ ಕಲ್ಲಿನ ಪುಡಿ) ಬೆರೆಸಿದ ಪಿಪಿಯೂ ಮುಳುಗಬಹುದು. ಒಳಬದಿಗೆ ಒಂದು ತೊಟ್ಟು ಅಸಿಟೋನ್ ಬಿಟ್ಟು ನೋಡಿ. ಎಬಿಎಸ್ ಆದರೆ ಅರ್ಧ ನಿಮಿಷದಲ್ಲಿ ಜಿಗುಟಾಗುತ್ತದೆ.

ಎಬಿಎಸ್ ಆಗಿದ್ದರೆ ನಿಮ್ಮ ಅದೃಷ್ಟ. ಕತ್ತರಿಸಿ ಉಳಿದ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಶೀಶೆಗೆ ಹಾಕಿ (ಥರ್ಮೋಕೋಲ್ ಲೋಟ ಬೇಡ, ಲೋಟವೇ ಕರಗುತ್ತದೆ), ತೂಕದಲ್ಲಿ ಒಂದು ಪಾಲಿಗೆ ಎರಡರಿಂದ ಮೂರು ಪಾಲು ಅಸಿಟೋನ್ ಸುರಿದು ಮುಚ್ಚಿಡಿ. ಬೆಳಗಾಗುವಷ್ಟರಲ್ಲಿ ಜೇನುತುಪ್ಪದಂತಾಗಿರುತ್ತದೆ. ಎರಡೂ ಅಂಚುಗಳನ್ನು ಓರೆಯಾಗಿ ಉಜ್ಜಿ, ಕೂಡಿಸಿದಾಗ ‘ವಿ’ ಆಕಾರದ ಸಂದು ಬರುವಂತೆ ಮಾಡಿ, ತೆಳುವಾಗಿ ಪದರ ಪದರ ತುಂಬಿ. ಅವಸರ ಮಾಡಿ ಒಂದೇ ಸಲ ದಪ್ಪಗೆ ತುಂಬಿದರೆ ಒಳಗೆ ಸಿಕ್ಕಿಕೊಂಡ ಅಸಿಟೋನ್ ಬಣ್ಣ ಹೊಡೆದ ಮೇಲೆ ಆರುತ್ತದೆ, ಜೋಡಣೆ ಕುಸಿದು ಗೆರೆ ಕಾಣುತ್ತದೆ. ಕೊನೆಯ ಪದರದ ನಂತರ ಎರಡು ಮೂರು ದಿನ ಬಿಡಿ. ಒಳಬದಿಯಲ್ಲಿ ಸ್ಟೀಲ್ ಜಾಲರಿಯನ್ನು ಸಾಲ್ಡರಿಂಗ್ ಐರನ್‌ನಿಂದ ಹುದುಗಿಸಿದರೆ ಇನ್ನೂ ಗಟ್ಟಿ. ಹೊಗೆ ವಿಷ, ಬಾಗಿಲು ಕಿಟಕಿ ತೆರೆದಿರಲಿ. ಅಸಿಟೋನ್ ಶೀಶೆ ಹತ್ತಿರವೆಲ್ಲೂ ಇರಬಾರದು.

ಪಿಪಿ ಆದರೆ ಅಂಟನ್ನು ಮರೆತುಬಿಡಿ. ಪಿಪಿ ಕಡ್ಡಿ ತಂದು ಬಿಸಿ ಗಾಳಿಯಲ್ಲಿ ವೆಲ್ಡ್ ಮಾಡಬೇಕು, ಸುಮಾರು 300 ಡಿಗ್ರಿ ಸೆಲ್ಸಿಯಸ್. ಕಡ್ಡಿ ಮಾತ್ರವಲ್ಲ, ಸಂದಿನ ಎರಡೂ ಬದಿ ಕರಗಿ ಹೊಳೆಯಬೇಕು. ಹಾಗಾಗಿ ನೀವು ಜೋಡಿಸುವ ಹೊಸ ತುದಿಯೂ ಪಿಪಿಯೇ ಆಗಿರಬೇಕು. ಎಬಿಎಸ್ ತುಂಡು ಇದಕ್ಕೆ ಬೆಸೆಯದು. ಬಣ್ಣಕ್ಕೆ ಮುಂಚೆ ಪ್ಲಾಸ್ಟಿಕ್ ಅಡ್ಹೀಷನ್ ಪ್ರಮೋಟರ್ (ಬಣ್ಣ ಹಿಡಿಯಲು ನೆರವಾಗುವ ದ್ರವ) ತೆಳ್ಳಗೆ ಒಂದು ಕೋಟ್ ಕೊಡಿ. ಡಬ್ಬಿಯ ಮೇಲೆ ಹೇಳಿದ ಸಮಯದೊಳಗೇ ಮುಂದಿನ ಕೋಟ್ ಬೀಳಬೇಕು.

ನನ್ನನ್ನು ಕೇಳಿದರೆ ಪಿಪಿ ಮಡ್‌ಗಾರ್ಡಿಗೆ ತುದಿ ಜೋಡಿಸುವ ಗೋಜೇ ಬೇಡ, ಕತ್ತರಿಸಿ ಅಂಚು ನುಣುಪು ಮಾಡಿ ಬಿಡಿ. ಅದೂ ಒಡೆದ ಹಳೆಯ ಮಡ್‌ಗಾರ್ಡ್ ಒಂದನ್ನು ಹುಡುಕಿ ತಂದು ಅದರ ಮೇಲೆ. ಒರಿಜಿನಲ್ ಅಟ್ಟದ ಮೇಲಿರಲಿ.

ಕತ್ತರಿಸಲು ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು. ಮೆಷಿನ್ ವೇಗವಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ. ಒಳಮೂಲೆ ಬರುವ ಕಡೆ ಮೊದಲು 6 ಮಿ.ಮೀ. ತೂತು ಕೊರೆದು ಅಲ್ಲಿಗೆ ಗರಗಸ ತಂದು ನಿಲ್ಲಿಸಿ. ಚೂಪು ಮೂಲೆ ಬಿಟ್ಟರೆ ಬಿರುಕು ಹೊರಡುವುದು ಅಲ್ಲಿಂದಲೇ. ಬೋಲ್ಟ್ ಕೂರುವ ಕಿವಿಗಳನ್ನು ಮುಟ್ಟಲೇಬೇಡಿ.

ಮತ್ತೆ ಕೂರಿಸುವಾಗ ರಬ್ಬರ್ ಬುಷ್, ಅದರೊಳಗಿನ ಲೋಹದ ಕಾಲರ್ ಎರಡೂ ಹಾಕಿ. ಕಾಲರ್ ಇಲ್ಲದಿದ್ದರೆ ಬೋಲ್ಟಿನ ಬಿಗಿಯೆಲ್ಲ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಬೋಲ್ಟ್ ಸಡಿಲವಾಗದಿರಲಿ ಅಂತ ಥ್ರೆಡ್ ಲಾಕರ್ (ಬೋಲ್ಟಿನ ಮರೆಗೆ ಹಚ್ಚುವ ಅಂಟು) ಹಚ್ಚುವವರಿದ್ದಾರೆ. ಎಬಿಎಸ್‌ಗೆ ಅದು ತಾಗಿದರೆ ತೂತಿನ ಸುತ್ತ ಜೇಡರಬಲೆಯಂತೆ ಬಿರುಕು ಬಿಡುತ್ತದೆ.