ಎಂಟನೇ ಗ್ರೇಡಿಗೇ ಆಲ್ಜೀಬ್ರಾ 1 ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಮಗಳು ಬೆಂಗಳೂರಿನಲ್ಲಿ ಸಿಬಿಎಸ್‌ಇ ಏಳನೇ ತರಗತಿ ಮುಗಿಸಿದ್ದಾಳೆ. ಜುಲೈನಲ್ಲಿ ನೀವು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬರುತ್ತೀರಿ, ಆಗಸ್ಟ್ ಮಧ್ಯಕ್ಕೆ ಅವಳು ಎಂಟನೇ ಗ್ರೇಡು ಸೇರಬೇಕು. ಶಾಲೆಯವರು ‘ಮ್ಯಾಥ್ 8’, ಅಂದರೆ ಎಂಟನೇ ಗ್ರೇಡಿನ ಸಾಮಾನ್ಯ ಗಣಿತ, ಅಂದಿದ್ದಾರೆ. ಇಲ್ಲಿರುವ ನಿಮ್ಮ ಸಹೋದ್ಯೋಗಿಗಳು ಮಾತ್ರ, ಎಂಟರಲ್ಲೇ ಹೈಸ್ಕೂಲಿನ ಮೊದಲ ಬೀಜಗಣಿತ ಕೋರ್ಸಾದ ಆಲ್ಜೀಬ್ರಾ 1 ತೆಗೆದುಕೊಳ್ಳದಿದ್ದರೆ ಮುಂದೆ ಒಳ್ಳೆಯ ಕಾಲೇಜಿನ ಬಾಗಿಲು ಮುಚ್ಚಿದಂತೆಯೇ ಎಂದು ಹೆದರಿಸಿದ್ದಾರೆ.

ಬಾಗಿಲೇನೂ ಮುಚ್ಚುವುದಿಲ್ಲ. ಹಾಗಂತ ಮ್ಯಾಥ್ 8 ಅಂದಾಕ್ಷಣ ಸುಮ್ಮನೆ ತಲೆಯಾಡಿಸಬೇಕಾಗಿಯೂ ಇಲ್ಲ. ಭಾರತದಿಂದ ಈ ವಯಸ್ಸಿನಲ್ಲಿ ಬರುವ ಮಗುವಿಗೆ ಆಲ್ಜೀಬ್ರಾ 1ರ ಮೊದಲ ಭಾಗ ಪರಿಚಿತವಾಗಿಯೇ ಕಾಣುತ್ತದೆ. ಆದರೆ ಅದರ ಕೆಳಗಿರುವ ಮ್ಯಾಥ್ 8ರ ಒಂದು ಮುಖ್ಯ ತುಂಡು ಕಣ್ಣಿಗೇ ಬಿದ್ದಿರುವುದಿಲ್ಲ. ಆ ತುಂಡನ್ನು ಆರು ವಾರದಲ್ಲಿ ತುಂಬಬಹುದು. ತುಂಬಿತು ಎಂದು ಪರೀಕ್ಷೆ ಮಾಡಿ ಖಚಿತವಾದರೆ ಆಲ್ಜೀಬ್ರಾ ಕೇಳಿ, ಇಲ್ಲವಾದರೆ ಧೈರ್ಯವಾಗಿ ಮ್ಯಾಥ್ 8ಕ್ಕೆ ಕಳಿಸಿ.

ನಮ್ಮಲ್ಲಿ ಅಂಕಗಣಿತ, ಬೀಜಗಣಿತ, ರೇಖಾಗಣಿತ ಮೂರೂ ಒಂದೇ ಪುಸ್ತಕದಲ್ಲಿ ವರ್ಷವರ್ಷ ಸ್ವಲ್ಪ ಸ್ವಲ್ಪ ಮೇಲೇರುತ್ತವೆ. ಅಮೆರಿಕದ ಹೆಚ್ಚಿನ ಹೈಸ್ಕೂಲುಗಳಲ್ಲಿ ವರ್ಷಕ್ಕೊಂದು ಕೋರ್ಸು. ಸಾಮಾನ್ಯ ಹಾದಿ ಅಂದರೆ 9ರಲ್ಲಿ ಆಲ್ಜೀಬ್ರಾ 1, 10ರಲ್ಲಿ ಜಾಮೆಟ್ರಿ, 11ರಲ್ಲಿ ಆಲ್ಜೀಬ್ರಾ 2, 12ರಲ್ಲಿ ಪ್ರೀಕ್ಯಾಲ್ಕ್ಯುಲಸ್. ಆಲ್ಜೀಬ್ರಾ 1 ಎಂಟಕ್ಕೆ ಬಂದರೆ ಪೂರ್ತಿ ಸಾಲು ಒಂದು ವರ್ಷ ಮುಂದೆ ಸರಿದು, 12ರಲ್ಲಿ ಕಾಲೇಜು ಮಟ್ಟದ ಎಪಿ ಕ್ಯಾಲ್ಕ್ಯುಲಸ್‌ಗೆ ಜಾಗ ಸಿಗುತ್ತದೆ. ಎಲ್ಲರ ಆತಂಕಕ್ಕೂ ಕಾರಣ ಈ ಒಂದು ವರ್ಷ. ಅದನ್ನು ಆಮೇಲೆ ಗಳಿಸಿಕೊಳ್ಳುವ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಮೊದಲು ಆ ಕಾಣದ ತುಂಡು ಯಾವುದು ನೋಡಿ. ಏಳನೇ ತರಗತಿ ಮುಗಿಸಿದವರಿಗೆ ಋಣಸಂಖ್ಯೆ, ಭಿನ್ನರಾಶಿ, ದಶಮಾಂಶ, ಸರಳ ಸಮೀಕರಣ ಗೊತ್ತಿರುತ್ತದೆ. ಕೈಲೆಕ್ಕದಲ್ಲಿ ನಮ್ಮ ಮಕ್ಕಳು ಇಲ್ಲಿಯ ತರಗತಿಯಲ್ಲಿ ಎಲ್ಲರಿಗಿಂತ ಮುಂದಿರುವುದೂ ಉಂಟು. ಮ್ಯಾಥ್ 8ರಲ್ಲಿ ವರ್ಷದ ದೊಡ್ಡ ಪಾಲು ಹೋಗುವುದು ಸ್ಲೋಪ್, ಅಂದರೆ ಗೆರೆಯ ಇಳಿಜಾರು, ಮತ್ತು ಫಂಕ್ಷನ್, ಅಂದರೆ ಒಂದು ಬೆಲೆ ಕೊಟ್ಟರೆ ಒಂದೇ ಉತ್ತರ ಕೊಡುವ ಸಂಬಂಧ, ಎಂಬ ಕಲ್ಪನೆಗೆ. ಒಂದೇ ಸಂಬಂಧವನ್ನು ಕೋಷ್ಟಕದಲ್ಲಿ, ಗ್ರಾಫಿನಲ್ಲಿ, ಸಮೀಕರಣದಲ್ಲಿ, ಮಾತಿನಲ್ಲಿ ಹೀಗೆ ನಾಲ್ಕು ರೂಪದಲ್ಲಿ ಓದುವುದನ್ನು ಅಲ್ಲಿ ಕಲಿಸುತ್ತಾರೆ. ಆಲ್ಜೀಬ್ರಾ 1ರ ಶಿಕ್ಷಕರು ಇದು ಬಂದಿದೆ ಎಂದುಕೊಂಡೇ ಪಾಠ ಶುರು ಮಾಡುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಮೀಕರಣ ಬಿಡಿಸುವ ಪಾಠ, ಮಗು ಹೂವೆತ್ತಿದಂತೆ ಮಾಡುತ್ತದೆ. ನೀವೂ ನಿಶ್ಚಿಂತರಾಗುತ್ತೀರಿ. ಅಕ್ಟೋಬರ್‌ನಲ್ಲಿ ಗೆರೆಗಳ ಅಧ್ಯಾಯ ಬಂದಾಗ ಅಂಕ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಷ್ಟರಲ್ಲಿ ತರಗತಿ ಬದಲಿಸುವ ಗಡುವು ಮುಗಿದಿರುತ್ತದೆ.

ಇದನ್ನು ಮನೆಯಲ್ಲೇ ಈಗಲೇ ನೋಡಬಹುದು. ಮಗಳ ಮುಂದೆ ಒಂದು ಕೋಷ್ಟಕ ಬರೆಯಿರಿ: ಸೈಕಲ್ ಬಾಡಿಗೆ 2 ಗಂಟೆಗೆ 11 ಡಾಲರ್, 5 ಗಂಟೆಗೆ 20, 9 ಗಂಟೆಗೆ 32. ಎಷ್ಟು ಗಂಟೆಗಾದರೂ ಬಾಡಿಗೆ ಹೇಳುವ ಸೂತ್ರ ಬರೆ ಅನ್ನಿ. ‘ಒಂದಕ್ಕೆಷ್ಟು’ ಎಂದು ಭಾಗಿಸುವ ರೂಢಿ ನಮ್ಮ ಮಕ್ಕಳಲ್ಲಿ ಆಳವಾಗಿದೆ, ಹಾಗಾಗಿ ಅವಳ ಕೈ ಮೊದಲು 11ನ್ನು 2ರಿಂದ ಭಾಗಿಸಬಹುದು. ಗಂಟೆಗೆ ಐದೂವರೆ ಬಂತು. ಅದೇ ಲೆಕ್ಕದಲ್ಲಿ 5 ಗಂಟೆಗೆ ಇಪ್ಪತ್ತೇಳೂವರೆ ಆಗಬೇಕು, ಕೋಷ್ಟಕದಲ್ಲಿ 20 ಇದೆ. ಇಲ್ಲಿ ಅವಳು ಏನು ಮಾಡುತ್ತಾಳೆ ಎಂಬುದನ್ನೇ ನೀವು ಗಮನಿಸಬೇಕು. 2ರಿಂದ 5ಕ್ಕೆ ಹೋದಾಗ 3 ಗಂಟೆ ಹೆಚ್ಚಿತು, 9 ಡಾಲರ್ ಹೆಚ್ಚಿತು, ಅಂದರೆ ಗಂಟೆಗೆ 3. 5ರಿಂದ 9ಕ್ಕೂ ಅದೇ 3. ಸೊನ್ನೆ ಗಂಟೆಗೂ 5 ಡಾಲರ್ ಕೊಡಲೇಬೇಕು ಎಂದು ತಾನಾಗಿ ಕಂಡುಕೊಂಡರೆ ಸ್ಲೋಪಿನ ಬುದ್ಧಿ ಆಗಲೇ ಇದೆ, ಹೆಸರು ಕಲಿತರೆ ಸಾಕು. ಭಾಗಾಕಾರದಲ್ಲೇ ಸಿಕ್ಕಿಕೊಂಡರೆ ಬೇಸಿಗೆಯ ಕೆಲಸ ಅಲ್ಲಿಂದ ಶುರು.

ಎರಡನೆಯದು ಚಿಹ್ನೆಯ ಶಿಸ್ತು. −3(ಎಕ್ಸ್ − 4) = 2ಎಕ್ಸ್ + 7 ಕೊಡಿ. ಸರಿಯಾಗಿ ಬಿಡಿಸಿದರೆ ಉತ್ತರ 1. ಉತ್ತರ −3.8 ಬಂದರೆ ಎಲ್ಲಿ ಜಾರಿತು ಎಂದು ಹುಡುಕಬೇಕಾಗಿಯೇ ಇಲ್ಲ: ಋಣ ಮೂರನ್ನು ಆವರಣದೊಳಗಿನ ಋಣ ನಾಲ್ಕರಿಂದ ಗುಣಿಸಿದಾಗ ಧನ 12 ಆಗುವ ಬದಲು ಋಣ 12 ಆಗಿದೆ. ಒಮ್ಮೆ ಆದರೆ ಕೈತಪ್ಪು. ಇಂಥ ನಾಲ್ಕರಲ್ಲಿ ಎರಡು ಸಲ ಆದರೆ ಅದು ಕೈತಪ್ಪಲ್ಲ, ಅಡಿಪಾಯದ ಬಿರುಕು. ಮುಂದೆ ಕ್ವಾಡ್ರಾಟಿಕ್ (ವರ್ಗಸಮೀಕರಣ), ಫ್ಯಾಕ್ಟರಿಂಗ್ (ಅಪವರ್ತನ) ಎಲ್ಲವೂ ಈ ಬಿರುಕಿನ ಮೇಲೇ ನಿಲ್ಲಬೇಕು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ಅದು ಭಾಷೆ. ‘ಒಂದು ಸಂಖ್ಯೆಗಿಂತ 5 ಕಡಿಮೆ’ ಎಂದು ಕನ್ನಡದಲ್ಲಿ ಹೇಳಿದರೆ ಸಂಖ್ಯೆ ಮೊದಲು ಬರುತ್ತದೆ, ಎಕ್ಸ್ − 5 ಎಂದು ಬರೆಯುವುದು ಸಹಜ. ಇಂಗ್ಲಿಷಿನ ‘ಫೈವ್ ಲೆಸ್ ದ್ಯಾನ್ ಎ ನಂಬರ್’ನಲ್ಲಿ ಐದು ಮೊದಲು ಕೇಳಿಸುತ್ತದೆ, ಮಕ್ಕಳು 5 − ಎಕ್ಸ್ ಬರೆದುಬಿಡುತ್ತಾರೆ. ‘ಅಟ್ ಲೀಸ್ಟ್’ ಅಂದರೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು, ‘ನೋ ಮೋರ್ ದ್ಯಾನ್’ ಅಂದರೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ; ಲೀಸ್ಟ್ ಎಂಬ ಪದ ಕೇಳಿ ಚಿಹ್ನೆ ಉಲ್ಟಾ ಹಾಕುವುದು ಬಹಳ ಸಾಮಾನ್ಯ. ಜೊತೆಗೆ ನಾಣ್ಯದ ಲೆಕ್ಕಗಳು ಬರುತ್ತವೆ: ಕ್ವಾರ್ಟರ್ 25 ಸೆಂಟು, ಡೈಮ್ 10, ನಿಕಲ್ 5. ಇದು ಗೊತ್ತಿಲ್ಲದ ಮಗುವಿಗೆ ಲೆಕ್ಕ ಶುರುವಾಗುವುದೇ ಇಲ್ಲ. ಬಾಡ್ಮಾಸ್ ಇಲ್ಲಿ ಪೆಮ್‌ಡಾಸ್, ಎಚ್‌ಸಿಎಫ್ ಇಲ್ಲಿ ಜಿಸಿಎಫ್, ಬ್ರ್ಯಾಕೆಟ್‌ಗೆ ಪರೆಂಥಿಸಿಸ್ ಅನ್ನುತ್ತಾರೆ. ಒಂದು ಸಂಜೆ ಕೂತು ಇಂಥವುಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ.

ಈ ಮೂರರ ಜೊತೆ ಭಿನ್ನರಾಶಿ ಇರುವ ಸಮೀಕರಣ ಮತ್ತು ಅನುಪಾತ, ಶೇಕಡಾ ಸೇರಿಸಿ, ಒಂದೊಂದರಲ್ಲಿ ನಾಲ್ಕರಂತೆ 20 ಪ್ರಶ್ನೆ ಮಾಡಿ. ಒಂದು ಗಂಟೆ ಕೊಡಿ, ಕ್ಯಾಲ್ಕ್ಯುಲೇಟರ್ ಬೇಡ, ಪಕ್ಕದಲ್ಲಿ ನೀವೂ ಬೇಡ. ನನ್ನ ಅಳತೆ ಇದು: 17 ಅಥವಾ ಹೆಚ್ಚು ಸರಿಯಿದ್ದರೆ ಆಲ್ಜೀಬ್ರಾ ಕೇಳುವುದು ನ್ಯಾಯ. 13ರಿಂದ 16 ಇದ್ದು, ತಪ್ಪುಗಳು ಒಂದೇ ಕಡೆ ಗುಂಪಾಗಿದ್ದರೆ ಬೇಸಿಗೆಯಲ್ಲಿ ಸರಿಯಾಗುತ್ತದೆ. ಅಷ್ಟೇ ತಪ್ಪುಗಳು ಎಲ್ಲ ಕಡೆ ಚದುರಿದ್ದರೆ ಮ್ಯಾಥ್ 8 ಅವಳಿಗೆ ಉಪಕಾರವೇ ಮಾಡುತ್ತದೆ.

ಬೇಸಿಗೆಯ ಕೆಲಸ ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ, ಆರು ವಾರ. ಜುಲೈವರೆಗೆ ಕಾಯಬೇಡಿ, ಬೆಂಗಳೂರಿನಲ್ಲೇ ಜೂನ್ ಮೊದಲ ವಾರ ಶುರು ಮಾಡಿ. ವಿಮಾನ, ಜೆಟ್‌ಲ್ಯಾಗ್, ಮನೆ ಹುಡುಕಾಟದಲ್ಲಿ ಕನಿಷ್ಠ ಹತ್ತು ದಿನ ಕೈಬಿಟ್ಟು ಹೋಗುತ್ತದೆ. ಮೊದಲ ವಾರ ಚಿಹ್ನೆ ಮತ್ತು ಭಿನ್ನರಾಶಿ. ಮುಂದಿನ ಮೂರು ವಾರ ಪೂರ್ತಿ ಸ್ಲೋಪ್, ಗ್ರಾಫು, ಫಂಕ್ಷನ್, ಎರಡು ಗೆರೆಗಳು ಸಂಧಿಸುವ ಬಿಂದು. ಇಲ್ಲಿ ಅವಸರ ಮಾಡಬೇಡಿ, ಗ್ರಾಫ್ ಹಾಳೆಯ ಮೇಲೆ ಕೈಯಿಂದಲೇ ಎಳೆಯಲಿ. ಐದನೇ ವಾರ ಘಾತಾಂಕ, ಪೈಥಾಗೊರಸ್, ಆಕೃತಿಗಳ ತಿರುಗಿಸುವಿಕೆ ಮತ್ತು ಪ್ರತಿಫಲನ. ಕೊನೆಯ ವಾರ ಇಂಗ್ಲಿಷ್ ಮಾತಿನ ಲೆಕ್ಕಗಳು ಮತ್ತು ಹೊಸ ಪ್ರಶ್ನೆಗಳೊಂದಿಗೆ ಮತ್ತೊಮ್ಮೆ ಅದೇ ಬಗೆಯ ಪರೀಕ್ಷೆ. ಖಾನ್ ಅಕಾಡೆಮಿಯ ಎಂಟನೇ ಗ್ರೇಡಿನ ಕೋರ್ಸು ಉಚಿತ, ಇಷ್ಟಕ್ಕೆ ಅದೇ ಸಾಕು. ದುಡ್ಡು ಕೊಟ್ಟು ಕೋಚಿಂಗ್ ಸೇರಿಸುವ ಅಗತ್ಯ ಈ ಹಂತದಲ್ಲಿ ನನಗೆ ಕಾಣುವುದಿಲ್ಲ.

ಇನ್ನು ಶಾಲೆಯ ಜೊತೆಗಿನ ವ್ಯವಹಾರ. ಮುಂದಿನ ವರ್ಷದ ಕೋರ್ಸು ಹಂಚಿಕೆ ಸಾಮಾನ್ಯವಾಗಿ ವಸಂತದಲ್ಲೇ ಮುಗಿದಿರುತ್ತದೆ. ಜೂನ್ ಮಧ್ಯದಿಂದ ಆಗಸ್ಟ್ ಮೊದಲ ವಾರದವರೆಗೆ ಹೆಚ್ಚಿನ ಶಾಲಾ ಕಚೇರಿಗಳಲ್ಲಿ ಉತ್ತರಿಸುವವರೇ ಇರುವುದಿಲ್ಲ. ಮನೆ ಬಾಡಿಗೆ ಕರಾರಿನಂಥ ವಿಳಾಸದ ದಾಖಲೆ ಇಲ್ಲದೆ ದಾಖಲಾತಿ ಆಗುವುದಿಲ್ಲ, ದಾಖಲಾತಿ ಇಲ್ಲದೆ, ಯಾವ ಕೋರ್ಸಿಗೆ ಸೇರಿಸಬೇಕು ಎಂದು ನೋಡುವ ಪ್ಲೇಸ್‌ಮೆಂಟ್ ಟೆಸ್ಟೂ ಇಲ್ಲ. ಆದರೆ ಇಮೇಲ್‌ಗೆ ಇದ್ಯಾವುದೂ ಬೇಡ. ಈ ವಾರವೇ ಶಾಲೆಯಲ್ಲಿ ಕೋರ್ಸು ಹಂಚಿಕೆ ನೋಡಿಕೊಳ್ಳುವ ಕೌನ್ಸೆಲರ್‌ಗೆ ನಾಲ್ಕು ಸಾಲು ಬರೆಯಿರಿ: ಬರುವ ತಿಂಗಳು, ಈಗಿನ ತರಗತಿ, ಆಲ್ಜೀಬ್ರಾ 1ಕ್ಕೆ ಪರೀಕ್ಷೆ ತೆಗೆದುಕೊಳ್ಳಲು ಅವಕಾಶ ಬೇಕು ಎಂಬ ಕೋರಿಕೆ, ಯಾವ ದಿನ ಎಂಬ ಪ್ರಶ್ನೆ. ‘ನನ್ನ ಮಗಳು ಕ್ಲಾಸಿಗೇ ಫಸ್ಟ್’ ಎಂಬ ಸಾಲು ಬೇಡ, ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರಿನ್ಸಿಪಾಲ್ ಹತ್ತಿರ ನೇರ ಹೋಗಬೇಡಿ, ಮೊದಲ ದಿನವೇ ಸಂಬಂಧ ಕೆಡುತ್ತದೆ.

ಉತ್ತರ ಬಂದ ಮೇಲೆ ಕೇಳಬೇಕಾದ್ದು ಇವು. ಯಾವ ಟೆಸ್ಟ್, ಎಷ್ಟು ಅಂಕ ಬೇಕು? ಆ ತರಗತಿಯ ಉಳಿದ ಮಕ್ಕಳು ಏಳರಲ್ಲೇ 7 ಮತ್ತು 8ರ ಪಾಠ ಒಟ್ಟಿಗೆ ಮುಗಿಸಿ ಬಂದವರೇ? ಹೊಂದದಿದ್ದರೆ ಯಾವ ತಾರೀಖಿನವರೆಗೆ ಮ್ಯಾಥ್ 8ಕ್ಕೆ ಹಿಂತಿರುಗಬಹುದು? ಮುಂದಿನ ವರ್ಷ ಹೈಸ್ಕೂಲು ಇವಳನ್ನು ನೇರ ಜಾಮೆಟ್ರಿಗೆ ತೆಗೆದುಕೊಳ್ಳುತ್ತದೆಯೇ, ಮತ್ತೆ ಪರೀಕ್ಷೆ ಇದೆಯೇ? ಕ್ಯಾಲಿಫೋರ್ನಿಯಾದಲ್ಲೇ ಕೆಲವು ಹೈಸ್ಕೂಲುಗಳು ಆಲ್ಜೀಬ್ರಾ, ಜಾಮೆಟ್ರಿ ಬಿಡಿಬಿಡಿಯಾಗಿ ಕಲಿಸದೆ ಇಂಟಿಗ್ರೇಟೆಡ್ ಮ್ಯಾಥ್ 1, 2, 3 ಎಂದು ಬೆರೆಸಿ ಕಲಿಸುತ್ತವೆ. ಅಂಥ ಕಡೆಗೆ ಆಲ್ಜೀಬ್ರಾ 1 ಮುಗಿಸಿ ಹೋದ ಮಗುವನ್ನು ಎಲ್ಲಿ ಕೂರಿಸುವುದು ಎಂಬ ಗೊಂದಲ ಏಳುತ್ತದೆ. ಬಾಡಿಗೆ ಮನೆ ಗೊತ್ತುಮಾಡುವ ಮೊದಲೇ ಇದನ್ನು ತಿಳಿದುಕೊಳ್ಳಿ.

ಪರೀಕ್ಷೆಯಲ್ಲಿ ದಾಟಲಿಲ್ಲ, ಅಥವಾ ಆ ಶಾಲೆಯಲ್ಲಿ ಎಂಟಕ್ಕೆ ಆಲ್ಜೀಬ್ರಾ ಇಲ್ಲವೇ ಇಲ್ಲ ಅನ್ನಿ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಶಾಲೆಗಳು 2014ರಲ್ಲಿ ಅದನ್ನು ತೆಗೆದೇ ಹಾಕಿದ್ದವು. ವಾಪಸು ತನ್ನಿ ಎಂದು ಊರಿನ ಮತದಾರರು ಹೇಳಿದ್ದು 2024ರ ಮಾರ್ಚ್‌ನಲ್ಲಿ. ಆಗಲೂ ದಾರಿ ಇದೆ. 9ರಲ್ಲಿ ಆಲ್ಜೀಬ್ರಾ 1, 10ರಲ್ಲಿ ಜಾಮೆಟ್ರಿ ಮತ್ತು ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ, 11ರಲ್ಲಿ ಪ್ರೀಕ್ಯಾಲ್ಕ್ಯುಲಸ್, 12ರಲ್ಲಿ ಕ್ಯಾಲ್ಕ್ಯುಲಸ್. ಆ ಎರಡು ಕೋರ್ಸುಗಳೂ ನಿಂತಿರುವುದು ಮುಖ್ಯವಾಗಿ ಆಲ್ಜೀಬ್ರಾ 1ರ ಮೇಲೆ, ಒಂದರ ಮೇಲೊಂದು ಅಲ್ಲ. ಅದಕ್ಕೇ ಜೋಡಿಯಾಗಿ ನಡೆಯುತ್ತವೆ. ಒಂದು ಐಚ್ಛಿಕ ವಿಷಯ ಬಿಡಬೇಕಾಗುತ್ತದೆ, ಅಷ್ಟೇ. ಇನ್ನೊಂದು, ಬೇಸಿಗೆಯಲ್ಲಿ ಜಾಮೆಟ್ರಿ. ವರ್ಷದ ಪಾಠ ಆರು ವಾರಕ್ಕೆ ಇಳಿಯುವುದರಿಂದ ಒಂದು ದಿನ ತಪ್ಪಿದರೆ ಒಂದು ವಾರದ ಪಾಠ ಹೋದಂತೆ, ಆ ವರ್ಷ ಊರಿಗೆ ಟಿಕೆಟ್ ತೆಗೆಯಬೇಡಿ. ಆಲ್ಜೀಬ್ರಾ 1ನ್ನು ಮಾತ್ರ ಹೀಗೆ ಬೇಸಿಗೆಗೆ ಕುಗ್ಗಿಸುವುದಕ್ಕೆ ನನ್ನ ಒಪ್ಪಿಗೆ ಎಂದಿಗೂ ಇಲ್ಲ.

ಎಂಟರ ಆಲ್ಜೀಬ್ರಾದಲ್ಲಿ ಅಂಕ ಕಡಿಮೆ ಬಂದರೆ ಕಾಲೇಜಿಗೆ ತೊಂದರೆಯೇ ಎಂಬ ಭಯದ ಬಗ್ಗೆಯೂ ಕೇಳಿದ್ದೀರಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮೂರು ವರ್ಷದ ಗಣಿತ ಕಡ್ಡಾಯ ಅನ್ನುತ್ತದೆ, ನಾಲ್ಕು ಇದ್ದರೆ ಒಳ್ಳೆಯದು ಅನ್ನುತ್ತದೆ. ಎಂಟರಲ್ಲಿ ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಿದ ಆಲ್ಜೀಬ್ರಾ 1 ಆ ಲೆಕ್ಕಕ್ಕೆ ಸೇರುತ್ತದೆ, ಆದರೆ ಅವರು ಲೆಕ್ಕ ಹಾಕುವ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಆ ಗ್ರೇಡು ಸೇರುವುದಿಲ್ಲ. ಹಾಗಾಗಿ ಎಂಟರ ಒಂದು ಬಿ ಅವಳ ಭವಿಷ್ಯವನ್ನೇನೂ ಕದಿಯುವುದಿಲ್ಲ. ನಿಜವಾದ ನಷ್ಟ ಬೇರೆ ಕಡೆ ಆಗುತ್ತದೆ: ಎಂಟರಲ್ಲಿ ತೇಪೆ ಹಾಕಿ ದಾಟಿದ ಆಲ್ಜೀಬ್ರಾ 1, ನಡುವೆ ಒಂದು ವರ್ಷ ಜಾಮೆಟ್ರಿಯಲ್ಲಿ ಮರೆತು, ಹತ್ತರ ಆಲ್ಜೀಬ್ರಾ 2ರಲ್ಲಿ ಬಿಚ್ಚಿಕೊಳ್ಳುತ್ತದೆ. ಹತ್ತರ ಗ್ರೇಡು ಮಾತ್ರ ಆ ಜಿಪಿಎಗೆ ಸೇರಿಯೇ ಸೇರುತ್ತದೆ. ಎಂಟರಲ್ಲಿ ಸಿ ಬಂದರೆ ಒಂಬತ್ತರಲ್ಲಿ ಆಲ್ಜೀಬ್ರಾ 1ನ್ನೇ ಮತ್ತೆ ಓದಿಸಿ, ಅದರಲ್ಲಿ ಅವಮಾನ ಏನಿಲ್ಲ.

ಟೆಕ್ಸಸ್‌ನ ಪದ್ಧತಿಯನ್ನು ಇಲ್ಲಿಗೆ ಹಚ್ಚಬೇಡಿ. ಅಲ್ಲಿ 2023ರ ಕಾನೂನಿನಂತೆ ಐದನೇ ಗ್ರೇಡಿನ ರಾಜ್ಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ. 40ರಲ್ಲಿ ಬಂದವರನ್ನು ಆರರಲ್ಲೇ ತಾನಾಗಿ ಮುಂದುವರಿದ ಗಣಿತಕ್ಕೆ ಹಾಕುತ್ತಾರೆ, ಬೇಡವಾದರೆ ಪೋಷಕರು ಬರೆದುಕೊಡಬೇಕು. ಕ್ಯಾಲಿಫೋರ್ನಿಯಾದ 2015ರ ಕಾನೂನು ಒಂಬತ್ತನೇ ಗ್ರೇಡಿನ ಗಣಿತ ಹಂಚಿಕೆಗೆ ಸಂಬಂಧಿಸಿದ್ದು: ನಿಯಮ ಬಹಿರಂಗವಾಗಿರಬೇಕು, ಶಾಲೆ ಶುರುವಾದ ಮೊದಲ ತಿಂಗಳೊಳಗೆ ಮಗು ಸರಿಯಾದ ತರಗತಿಯಲ್ಲಿದೆಯೇ ಎಂದು ಮತ್ತೊಮ್ಮೆ ನೋಡಬೇಕು, ಒಪ್ಪದ ಪೋಷಕರಿಗೆ ಕೇಳುವ ದಾರಿ ಇರಬೇಕು. ಮುಂದಿನ ವರ್ಷ ನಿಮಗಿದು ಉಪಯೋಗಕ್ಕೆ ಬರುತ್ತದೆ.

ಬರುವಾಗ ಮಾರ್ಕ್ಸ್ ಕಾರ್ಡಿನ ಜೊತೆ ಗಣಿತ ಪುಸ್ತಕದ ಪರಿವಿಡಿಯ ಪುಟಗಳು ಮತ್ತು ಅವಳು ತುಂಬಿಸಿದ ಎರಡು ನೋಟ್‌ಬುಕ್ ಕೈಚೀಲದಲ್ಲೇ ಇಟ್ಟುಕೊಳ್ಳಿ. ಶೇ. 94 ಅಂದರೆ ಇಲ್ಲಿಯ ಶಿಕ್ಷಕರಿಗೆ ಏನೂ ಅರ್ಥವಾಗುವುದಿಲ್ಲ. ಹೆಜ್ಜೆಹೆಜ್ಜೆಯಾಗಿ ಬಿಡಿಸಿದ ಒಂದು ಪುಟ ನೋಡಿದರೆ ಅವಳನ್ನು ಎಲ್ಲಿ ಕೂರಿಸಬೇಕು ಎಂಬುದು ಗೊತ್ತಾಗುತ್ತದೆ.