ಪ್ರತಿಕ್ರಿಯೆ: ದೀಪದ ಹುಡುಗಿಯ ಮುಖ ಕೆಸರಾಗೋದು ಯಾಕೆ?

ನಮಸ್ಕಾರ. ಚಿತ್ರಕಾರ ಎಸ್. ಎಲ್. ಹಳದಂಕರ್ ಅವರ ದೀಪ ಹಿಡಿದ ಹುಡುಗಿಯ ಚಿತ್ರವನ್ನು ನಕಲು ಮಾಡುತ್ತಿದ್ದೀರಿ, ಮುಖದ ನೆರಳು ಕೆಸರಾಗುತ್ತಿದೆ, ಎಣ್ಣೆ ಬಣ್ಣಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಸುಮಾರು ಜನ ಅದನ್ನು ಎಣ್ಣೆ ಬಣ್ಣದ ರವಿವರ್ಮ ಚಿತ್ರ ಅಂದುಕೊಂಡಿರುತ್ತಾರೆ. 1945-46ರ ಆ ಚಿತ್ರ ಪೂರ್ತಿ ವಾಟರ್ ಕಲರ್. ಕಲಿಯೋದು ಇರೋದೇ ಅಲ್ಲಿ.

ನೆರಳಿಗೆ ಕಪ್ಪು ಹಾಕ್ತಿದ್ದೀರಾ? ಅದನ್ನು ಎತ್ತಿಡಿ. ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ತೆಳ್ಳಗೆ ಒಂದು ಪದರ ಎಳೆದು, ಪೂರ್ತಿ ಒಣಗಲು ಬಿಡಿ. ಹಸಿ ಇದ್ದಾಗ ಕುಂಚ ಮತ್ತೆ ಮತ್ತೆ ಆಡಿಸಿದರೆ ಕೆಸರು ಗ್ಯಾರಂಟಿ. ನನ್ನ ಮೊದಲ ಮೂರು ಹಾಳೆ ಹಾಗೇ ಹೋದವು, ಕಾಫಿ ಚೆಲ್ಲಿದ ಹಾಗೆ ಕಾಣ್ತಿದ್ದವು!

ಮುಖ ಬಿಟ್ಟು ಮೊದಲು ದೀಪಕ್ಕೆ ಅಡ್ಡ ಹಿಡಿದ ಆ ಅಂಗೈ ಒಂದನ್ನೇ ಬರೆಯಿರಿ. ಬೆಳಕು ಬೆರಳುಗಳ ಒಳಗಿಂದ ಕೆಂಪಗೆ ಹಾಯುತ್ತದಲ್ವಾ, ಅಲ್ಲಿ ಬಿಳಿ ಬಣ್ಣ ಬಳಸಬೇಡಿ. ಹಾಳೆಯನ್ನೇ ಬಿಟ್ಟು, ಮೇಲೆ ತೆಳು ಹಳದಿ, ಆಮೇಲೆ ಕಿತ್ತಳೆ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚಿಗೆ ನಿಮ್ಮ ಕೈ ಅಡ್ಡ ಹಿಡಿದು ನೋಡಿ.

ಮೈಸೂರಿನಲ್ಲೇ ಇದ್ದು ಫೋನಿನ ಫೋಟೊ ನೋಡಿ ಬರೆಯೋದು ಯಾಕೆ? ಮೂಲ ಚಿತ್ರ ಇರೋ ಜಗನ್ಮೋಹನ ಅರಮನೆಗೆ ಹೋಗಿ, ಅದರ ಮುಂದೆ ಕಣ್ಣು ಕಿರಿದು ಮಾಡಿ ಹತ್ತು ನಿಮಿಷ ನಿಲ್ಲಿ. ಅಂಗೈ ಮುಗಿದ ಮೇಲೆ ಇಲ್ಲೇ ಹಾಕಿ, ನೋಡೋಣ.